ಅಮೆರಿಕದ ಮಧ್ಯಮ ಗಾತ್ರದ ಊರೊಂದರಲ್ಲಿ ಜನ, ಮನೆ, ಕೆಲಸ ಹೇಗಿರುತ್ತವೆ?

ಊರಿನಿಂದ ಊರಿಗೆ ಇದು ಬೇರೆಯಾಗುವುದರಿಂದ ಇಂಡಿಯಾನಾ ರಾಜ್ಯದ ಕೊಲಂಬಸ್ ಒಂದನ್ನೇ ಹಿಡಿದು ಹೇಳುತ್ತೇನೆ (ಒಹಾಯೊದ ದೊಡ್ಡ ಕೊಲಂಬಸ್ ಬೇರೆ). 2000ರಲ್ಲಿ ಸುಮಾರು 39,000 ಇದ್ದ ಇಲ್ಲಿನ ಜನಸಂಖ್ಯೆ 2020ರ ಜನಗಣತಿಯ ವೇಳೆಗೆ 50,474 ಆಗಿತ್ತು.

ಊರಿನ ದುಡಿಮೆಯ ಬೆನ್ನೆಲುಬು, 1919ರಲ್ಲಿ ಇಲ್ಲಿಯೇ ಹುಟ್ಟಿ ಇಂದಿಗೂ ಇಲ್ಲಿಯೇ ಕೇಂದ್ರ ಕಚೇರಿಯನ್ನು ಇಟ್ಟುಕೊಂಡಿರುವ ಡೀಸೆಲ್ ಎಂಜಿನ್ ಕಂಪನಿ ಕಮಿನ್ಸ್. ಬಿಳಿಯರೇ ಬಹುಸಂಖ್ಯಾತರಾದರೂ, ಎಂಜಿನಿಯರ್ ಕೆಲಸಕ್ಕೆಂದು ಬಂದ ಭಾರತೀಯರು ಇಷ್ಟು ಸಣ್ಣ ಊರಿನಲ್ಲಿ ನಿರೀಕ್ಷಿಸಲಾಗದಷ್ಟು ಸಂಖ್ಯೆಯಲ್ಲಿದ್ದಾರೆ. ಭಾರದ ಸರಕು ಎತ್ತಿ ಸಾಗಿಸುವ ಗಾಡಿಗಳನ್ನು ತಯಾರಿಸುವ ಟೊಯೋಟಾದ ಫೋರ್ಕ್‌ಲಿಫ್ಟ್ ಕಾರ್ಖಾನೆಯೂ ಇಲ್ಲಿದೆ. ಒಳ್ಳೆಯ ಎಂಜಿನಿಯರುಗಳನ್ನು ಸಣ್ಣ ಊರಿಗೆ ಸೆಳೆಯುವುದು ಸುಲಭವಲ್ಲವೆಂದು ಅರಿತಿದ್ದ ಕಮಿನ್ಸ್ ಕಂಪನಿಯ ಅಂದಿನ ಮುಖ್ಯಸ್ಥ ಜೆ. ಇರ್ವಿನ್ ಮಿಲ್ಲರ್, 1950ರ ದಶಕದಿಂದ ಶಾಲೆಗಳಂಥ ಸಾರ್ವಜನಿಕ ಕಟ್ಟಡಗಳಿಗೆ ಹೆಸರಾಂತ ವಾಸ್ತುಶಿಲ್ಪಿಗಳನ್ನು ಕರೆಸಿ, ಅವರ ಸಂಭಾವನೆಯನ್ನು ಕಂಪನಿಯ ಪ್ರತಿಷ್ಠಾನದಿಂದಲೇ ಕೊಡಿಸಿದರು. ಐ. ಎಂ. ಪೈ ರೂಪಿಸಿದ ಕೆಂಪು ಇಟ್ಟಿಗೆಯ ಗ್ರಂಥಾಲಯ, ಅದರ ಮುಂದೆ ನಿಂತಿರುವ ಶಿಲ್ಪಿ ಹೆನ್ರಿ ಮೂರ್ ಅವರ ಕಂಚಿನ ಕಮಾನು ಈಗ ಊರಿನ ಗುರುತು.

ಮನೆಗಳೆಂದರೆ ಹೆಚ್ಚಾಗಿ ಮರದ ಚೌಕಟ್ಟಿನ ಬಿಡಿ ಮನೆಗಳು. ಮುಂದೆ ಹುಲ್ಲುಹಾಸು, ಪಕ್ಕದಲ್ಲಿ ಗ್ಯಾರೇಜು. ಹುಲ್ಲು ಕತ್ತರಿಸುವುದೂ ಹಿಮ ಎತ್ತುವುದೂ ಮನೆಯವರದೇ ಪಾಡು. ಸ್ವಂತ ವಾಸದ ಮನೆಯ ಆಸ್ತಿ ತೆರಿಗೆಗೆ ಇಂಡಿಯಾನಾ ಸಂವಿಧಾನವು ಮನೆಯ ಮೌಲ್ಯದ ಶೇ. 1ರ ಮಿತಿ ಹಾಕಿದೆ. ಬಾಡಿಗೆ ಮನೆಗೆ ಅದು ಶೇ. 2. ಕಾರಿಲ್ಲದೆ ಇಲ್ಲಿ ದಿನ ಕಳೆಯುವುದು ಕಷ್ಟ.