ಪವರ್ ಸರಿ ಉಂಟು, ಪಿಡಿ ತಪ್ಪಿದೆ

ಅಕ್ಕ, ಹೊಸ ಕನ್ನಡಕ ಹಾಕಿದರೆ ಹಣೆ ಎಳೆಯುತ್ತದೆ, ಮಾಡಿಕೊಟ್ಟ ಅಂಗಡಿಯವರು "ಟಾಲರೆನ್ಸ್ ಒಳಗೆ ಉಂಟು" ಅನ್ನುತ್ತಾರೆ, ಏನು ಮಾಡುವುದು ಅಂತ ಕೇಳಿದ್ದೀರಿ. ಮಲ್ಲಿಗೆ ಬೆಳೆಯುವವರ ಗುಂಪಿನಲ್ಲಿ ಕನ್ನಡಕದ ಪ್ರಶ್ನೆ ಹಾಕಿದ್ದಕ್ಕೆ ಸಾರಿ ಅಂತಲೂ ಬರೆದಿದ್ದೀರಿ. ಸಾರಿ ಎಂತಕ್ಕೆ ಮಾರಾಯ್ರೆ? ಕಣ್ಣು ಸರಿ ಇಲ್ಲದಿದ್ದರೆ ಮೊಗ್ಗು ಕೊಯ್ಯುವುದು ಹೇಗೆ? ನಾನು ಗಿಡ ಹಾಕುವ ಮೊದಲು 19 ವರ್ಷ ಉಡುಪಿಯ ಒಂದು ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಲೆನ್ಸ್ ಉಜ್ಜಿ ಫ್ರೇಮಿಗೆ ಕೂರಿಸಿದವನು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ನೀವು ಹಾಕಿದ ಎರಡು ಫೋಟೊ ನೋಡಿದೆ. ಡಾಕ್ಟರ ಚೀಟಿಯಲ್ಲಿ ಬಲಗಣ್ಣು ಮೈನಸ್ 5.50. ಎಡಗಣ್ಣು ಮೈನಸ್ 5.00, ಸಿಲಿಂಡರ್ (ಒಂದು ದಿಕ್ಕಿಗೆ ಮಾತ್ರ ಬೇಕಾದ ಹೆಚ್ಚುವರಿ ಪವರ್) ಮೈನಸ್ 1.25, ಆಕ್ಸಿಸ್ (ಆ ಸಿಲಿಂಡರ್ ಕೂರುವ ಕೋನ) 170. ಪಿಡಿ, ಅಂದರೆ ಎರಡು ಕಣ್ಣಿನ ಪಾಪೆಗಳ ನಡುವಿನ ಅಂತರ, 62 ಮಿಲಿಮೀಟರ್. ಮಂಗಳೂರಿನ ಇನ್ನೊಂದು ಅಂಗಡಿಯವರು ಮೆಷಿನಿಗೆ ಇಟ್ಟು ನೋಡಿದಾಗ ಬಲ 5.61, ಎಡ 4.94, ಸಿಲಿಂಡರ್ 1.30, ಆಕ್ಸಿಸ್ 172, ಪಿಡಿ 66 ಅಂತ ಬಂದಿದೆ. ನೀವು 5.61 ನೋಡಿ ಮಂಡೆ ಬಿಸಿ ಮಾಡಿಕೊಂಡಿದ್ದೀರಿ. ಅದು ಪಾಪದ ನಂಬರು, ಅದನ್ನು ಬಿಡಿ.

ಕಟ್ಟಿದ ಮಲ್ಲಿಗೆಯ ಒಂದು ಚೆಂಡಿಗೆ 800 ಹೂ ಅಂತ ನಮ್ಮ ಲೆಕ್ಕ ಅಲ್ವಾ? ಕಟ್ಟಿದ್ದನ್ನು ಬಿಚ್ಚಿ ಎಣಿಸಿದರೆ 796 ಇರಬಹುದು, 803 ಇರಬಹುದು. ಅದಕ್ಕೆ ಯಾರೂ ಜಗಳ ತೆಗೆಯುವುದಿಲ್ಲ. 700 ಬಂದರೆ ಹೂ ಕೊಳ್ಳುವ ಕಟ್ಟೆಯವನು ಸುಮ್ಮನಿರುವುದಿಲ್ಲ. ಲೆನ್ಸಿಗೂ ಹೀಗೆ ಒಂದು ಗಡಿ ಇದೆ, ಅದಕ್ಕೇ ಟಾಲರೆನ್ಸ್ ಅನ್ನುವುದು. ಅಮೆರಿಕದ ಆನ್ಸಿ ಝಡ್ 80.1 ಮಾನದಂಡದಲ್ಲಿ ಸಾಮಾನ್ಯ ಲೆನ್ಸಿಗೆ 6.50 ಪವರ್‌ವರೆಗೆ 0.13 ಆಚೀಚೆ ಆಗಬಹುದು. ಚೀಟಿಯ ಪವರ್ ಕಾಲು ಕಾಲು ಏರುತ್ತದೆ, ಅದರ ಅರ್ಧ ಇದು. ನಿಮ್ಮ 5.50 ಅಂದರೆ 5.37ರಿಂದ 5.63ರ ಒಳಗೆ ಎಲ್ಲಿದ್ದರೂ ಪಾಸು. ಕಣ್ಣು ಪರೀಕ್ಷೆಯಲ್ಲೇ ಇವತ್ತಿಗೂ ನಾಳೆಗೂ ಕಾಲು ಪವರ್ ವ್ಯತ್ಯಾಸ ಬರುವುದುಂಟು. 0.11ಕ್ಕೆ ತಲೆನೋವು ಬರುವುದು ಕಡಿಮೆ.

ಆಕ್ಸಿಸಿನ ಗಡಿ ಮಾತ್ರ ಎಲ್ಲರಿಗೂ ಒಂದೇ ಅಲ್ಲ. ಸಿಲಿಂಡರ್ ಕಾಲು ಇದ್ದರೆ 14 ಡಿಗ್ರಿ ತಿರುಗಿದರೂ ಬಿಡುತ್ತಾರೆ, ಅರ್ಧಕ್ಕೆ 7. ನಿಮ್ಮ 1.25ಕ್ಕೆ ಬರೀ 3 ಡಿಗ್ರಿ, 1.50 ದಾಟಿದರೆ 2. ನಿಮ್ಮದು 2 ಡಿಗ್ರಿ ತಿರುಗಿದೆ, ಒಳಗೇ ಉಂಟು.

ಈಗ ಪಿಡಿ. ನಿಮ್ಮ ಪಾಪೆಗಳ ನಡುವೆ 62 ಮಿಲಿಮೀಟರ್. ಎರಡು ಲೆನ್ಸುಗಳ ನಡುಬಿಂದುವೂ ಅಷ್ಟೇ ಅಂತರದಲ್ಲಿ ಕೂರಬೇಕು. ನಿಮ್ಮಷ್ಟು ಪವರ್ ಇರುವವರಿಗೆ ಅಡ್ಡಕ್ಕೆ ಎರಡೂ ಲೆನ್ಸ್ ಸೇರಿ 2.5 ಮಿಲಿಮೀಟರ್ ವ್ಯತ್ಯಾಸ ಆಗಬಹುದು. ನಿಮ್ಮದು 4 ಬಂದಿದೆ. ಅಂಗಡಿಯವರು "ಟಾಲರೆನ್ಸ್ ಒಳಗೆ ಉಂಟು" ಅಂದದ್ದು ಪವರ್‌ಗೆ ನಿಜ, ಪಿಡಿಗೆ ಅಲ್ಲ.

ನಡುಬಿಂದು ಬಿಟ್ಟು ಬದಿಯಿಂದ ನೋಡಿದರೆ ಲೆನ್ಸು ಪ್ರಿಸಮ್ ಆಗುತ್ತದೆ, ಅಂದರೆ ಬೆಳಕನ್ನು ಬದಿಗೆ ತಿರುಗಿಸುತ್ತದೆ. ಎಷ್ಟು ಅಂತ ನೋಡಲು ಜಾರಿದ ದೂರವನ್ನು ಸೆಂಟಿಮೀಟರಿನಲ್ಲಿ ಇಟ್ಟು ಪವರ್‌ನಿಂದ ಗುಣಿಸಿ. ಒಂದೊಂದು ಕಡೆ 2 ಮಿಲಿಮೀಟರ್ ಅಂತ ಹಿಡಿದರೆ ಬಲಕ್ಕೆ 0.2 ಗುಣಿಸು 5.50, ಅಂದರೆ 1.1. ಎಡಕ್ಕೆ ಸುಮಾರು 1. ಒಟ್ಟು 2.1 ಪ್ರಿಸಮ್. ಮೈನಸ್ ಲೆನ್ಸಿನ ನಡು ಹೊರಗೆ ಜಾರಿದರೆ, ದೂರದ್ದು ಒಂದಾಗಿ ಕಾಣಬೇಕಾದರೆ ಕಣ್ಣುಗಳು ಹೊರಕ್ಕೆ ತಿರುಗಬೇಕು. ನಮ್ಮ ಕಣ್ಣಿಗೆ ಒಳಕ್ಕೆ ತಿರುಗುವುದು ಸುಲಭ, ಹೊರಕ್ಕೆ ಕಷ್ಟ. "ಹೂ ಕಟ್ಟುವಾಗ ಏನೂ ಇಲ್ಲ, ಬಸ್ಸಿನಲ್ಲಿ ಮತ್ತು ಆಟ ನೋಡುವಾಗ ಹಣೆ ಎಳೆಯುತ್ತದೆ" ಅಂತ ನೀವೇ ಬರೆದಿದ್ದೀರಲ್ಲ, ಅದು ಓದಿದಾಗಲೇ ನನಗೆ ಪಿಡಿ ಮೇಲೆ ಡೌಟು ಬಂದದ್ದು.

ಇದು ಹೇಗೆ ಆಗಿರಬಹುದು? ಫ್ರೇಮಿನ ಕಾಲಿನ ಒಳಗೆ 56, 18 ಅಂತ ಇದೆ, ಒಂದು ಲೆನ್ಸಿನ ಅಗಲ ಮತ್ತು ನಡುವಿನ ಮೂಗಿನ ಸೇತುವೆಯ ಅಗಲ, ಮಿಲಿಮೀಟರಿನಲ್ಲಿ. ಕೂಡಿಸಿದರೆ 74. ನಿಮ್ಮ ಪಿಡಿ 62. ಒಂದೊಂದು ಲೆನ್ಸನ್ನೂ 6 ಮಿಲಿಮೀಟರ್ ಮೂಗಿನ ಕಡೆಗೆ ಸರಿಸಿ ಕತ್ತರಿಸಬೇಕು. ಅದಕ್ಕೆ ಸುಮಾರು 73 ಮಿಲಿಮೀಟರ್ ಅಗಲದ ಲೆನ್ಸ್ ಬೇಕಾದೀತು. ಅಂಗಡಿಯಲ್ಲಿ 70ರದ್ದು ಇದ್ದರೆ ಸಾಲುವುದಿಲ್ಲ. ಆಗ ಕೆಲವರು ಸ್ವಲ್ಪ ಹೊರಗೆ ಜಾರಿಸಿ ಕೂರಿಸಿಬಿಡುತ್ತಾರೆ. ನಿಮ್ಮದು ಹಾಗೇ ಆದದ್ದು ಅಂತ ಹೇಳುತ್ತಿಲ್ಲ, ಲೆಕ್ಕ ಮಾತ್ರ ಹಾಗೆ ಕೂರುತ್ತದೆ. ನಾನೂ ಸಾಚಾ ಅಲ್ಲ. ಒಬ್ಬರು ಮಾಸ್ಟ್ರ ಮೈನಸ್ 8ರ ಕನ್ನಡಕದಲ್ಲಿ ಒಂದು ಕಡೆಯನ್ನು 2 ಮಿಲಿಮೀಟರ್ ಮೇಲೆ ಕೂರಿಸಿದ್ದೆ. ಮೇಲೆ-ಕೆಳಗಿನ ಗಡಿ 1 ಮಿಲಿಮೀಟರ್ ಮಾತ್ರ, ಅದು ದಾಟಿದರೆ ಕಣ್ಣು ಸಹಿಸುವುದು ಕಷ್ಟ. ಮರುದಿನ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಮೊದಲೇ ಬಂದು ನಿಂತಿದ್ದರು. "ಮೆಟ್ಟಿಲು ಎರಡೆರಡು ಕಾಣ್ತದೆ ಮಾರಾಯ, ಯಾವುದರ ಮೇಲೆ ಕಾಲಿಡುದು?" ಆ ಲೆನ್ಸಿನ ದುಡ್ಡು ನನ್ನ ಸಂಬಳದಿಂದ ಹೋಯಿತು.

ಅಂಗಡಿಗೆ ಹೋಗುವ ಮೊದಲು ಮನೆಯಲ್ಲೇ ನೋಡಬಹುದು. ಅಂಗಳದಲ್ಲಿ ನಿಂತು ದೂರದ ಒಂದು ನೇರ ಅಡಿಕೆ ಮರ ನೋಡಿ. ಕನ್ನಡಕವನ್ನು ಕೈಯುದ್ದಕ್ಕೆ ಹಿಡಿದು ಒಂದು ಕಣ್ಣು ಮುಚ್ಚಿ ಒಂದು ಲೆನ್ಸಿನಿಂದ ನೋಡಿ. ಲೆನ್ಸಿನ ಒಳಗಿನ ಕಾಂಡ ಹೊರಗಿನದಕ್ಕಿಂತ ಬದಿಗೆ ಸರಿದಂತೆ ಕಾಣುತ್ತದೆ. ಎರಡೂ ಒಂದೇ ಗೆರೆಗೆ ಬರುವವರೆಗೆ ಕನ್ನಡಕ ಆಚೀಚೆ ಮಾಡಿ, ಕಾಂಡ ಹಾದುಹೋದ ಜಾಗದಲ್ಲಿ ಸ್ಕೆಚ್ ಪೆನ್ನಿನಿಂದ ಚುಕ್ಕೆ ಇಡಿ. ಇನ್ನೊಂದಕ್ಕೂ ಹಾಗೆಯೇ. ಚುಕ್ಕೆಗಳ ನಡುವೆ ಸ್ಕೇಲ್ ಹಿಡಿಯಿರಿ. ಹಳೆಯ, ತೊಂದರೆ ಕೊಡದ ಕನ್ನಡಕಕ್ಕೂ ಮಾಡಿ ನೋಡಿದರೆ ಉತ್ತರ ಕೈಯಲ್ಲೇ ಸಿಗುತ್ತದೆ.

ಗುಂಪಿನಲ್ಲಿ ಮೇಲೆ ಒಬ್ಬರು "15 ದಿನ ಹಾಕಿ, ಅಭ್ಯಾಸ ಆಗ್ತದೆ" ಅಂದಿದ್ದಾರೆ. ಸಿಲಿಂಡರ್ ಹೊಸದಾಗಿ ಬಂದಾಗ ಆ ಮಾತು ಸರಿ. ಇಲ್ಲಿ ಬೇಡ. ಇನ್ನೊಂದು ವಿಷಯ, ಪ್ರೋಗ್ರೆಸಿವ್ (ದೂರಕ್ಕೂ ಹತ್ತಿರಕ್ಕೂ ಒಂದೇ ಲೆನ್ಸ್) ಹಾಕುವವರು ಈ ಲೆಕ್ಕವನ್ನು ಹಾಗೇ ಹಿಡಿಯಬೇಡಿ. ಕೆಲವು ಡಿಜಿಟಲ್ ಲೆನ್ಸುಗಳಲ್ಲಿ ಕಂಪನಿಯೇ ಪವರ್ ಸ್ವಲ್ಪ ಬದಲಿಸಿ ಕವರಿನ ಮೇಲೆ ಬರೆದಿರುತ್ತದೆ. ಮೆಷಿನಿನ ನಂಬರು ಅದಕ್ಕೆ ತಾಳೆ ಆಗಬೇಕು, ಚೀಟಿಗಲ್ಲ.

ಅಂಗಡಿಯಲ್ಲಿ ಜೋರು ಮಾಡಬೇಡಿ. ಪಿಡಿಯನ್ನು ಇನ್ನೊಮ್ಮೆ ಅಳೆಸಿ, ಬಲ ಎಡ ಬೇರೆ ಬೇರೆ ಬರೆಸಿ. 62 ಬಂದರೆ "ಪವರ್ ಸರಿ ಇದೆ, ಪಿಡಿ 4 ಮಿಲಿಮೀಟರ್ ತಪ್ಪಿದೆ, ಲೆನ್ಸ್ ಬದಲಿಸಿ ಕೊಡಿ" ಅಂತ ಅಷ್ಟೇ ಹೇಳಿ. ಕತ್ತರಿಸಿದ ಲೆನ್ಸನ್ನು ಅದೇ ಫ್ರೇಮಿನಲ್ಲಿ ಸರಿಸಲು ಆಗುವುದಿಲ್ಲ. ಫ್ರೇಮ್ ಬದಲಿಸಿ ಕೊಡುವುದಾದರೆ 50, 16ರಂಥ ಚಿಕ್ಕದು ಆರಿಸಿ. ಅಂಚಿನ ದಪ್ಪವೂ ಕಡಿಮೆಯಾಗುತ್ತದೆ.

ಚುಕ್ಕೆ ಅಳೆದು ಎಷ್ಟು ಬಂತು ಅಂತ ಇಲ್ಲೇ ಹಾಕಿ. ಅಡ್ಮಿನ್ ಬೈದರೆ ಇವತ್ತಿನ ಮಲ್ಲಿಗೆ ಅಟ್ಟೆಯ (ಚೆಂಡುಗಳ ಕಟ್ಟು) ರೇಟನ್ನೂ ಒಟ್ಟಿಗೆ ಬರೆದುಬಿಡಿ.