ಕ್ರೋಮ್ಯಾಟಿನ್ ಆಂಟಿಬಾಡಿ ಪಾಸಿಟಿವ್ ಬಂದರೆ ಲೂಪಸ್ ಎಂದೇ ತಿಳಿಯಬೇಕೇ?

ಕಾಸರಗೋಡಿನ ಪೆರ್ಲದ ಕಡೆಯಿಂದ ನೀವು ಕೇಳಿರುವುದು ಇಷ್ಟು: ತಂಗಿಗೆ 27 ವರ್ಷ, ಕ್ಷಯಕ್ಕೆ ಮಾತ್ರೆ ಆರಂಭಿಸಿ ಐದನೆಯ ತಿಂಗಳು, ಬೆರಳು ಮತ್ತು ಮಣಿಕಟ್ಟುಗಳ ನೋವು ಬಿಡುತ್ತಿಲ್ಲ, ಮಂಗಳೂರಿನಲ್ಲಿ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಎಎನ್‌ಎ (ಸ್ವಂತ ಕೋಶಕೇಂದ್ರದ ವಿರುದ್ಧದ ಆಂಟಿಬಾಡಿ) ಜೊತೆಗೆ ‘ಕ್ರೋಮಿಯಂ ಆಂಟಿಬಾಡಿ’ಯೂ ಪಾಸಿಟಿವ್ ಬಂದಿದೆ, ಇದು ಮನೆಯ ಸುರಂಗದ ನೀರಿನ ದೋಷವೇ, ಇಲ್ಲವೇ ದೇಹದ ರೋಗನಿರೋಧಕ ಶಕ್ತಿ ತನ್ನದೇ ಅಂಗಗಳ ಮೇಲೆ ತಿರುಗಿಬೀಳುವ ಲೂಪಸ್ ಕಾಯಿಲೆಯೇ? ನಾನು ವೈದ್ಯನಲ್ಲ, ಇಂತಹ ಪರೀಕ್ಷೆಗಳನ್ನು ಮಾಡುವ ಪ್ರಯೋಗಾಲಯದ ತಂತ್ರಜ್ಞ, ಊರು ನಿಮ್ಮ ಪಕ್ಕದ ಬದಿಯಡ್ಕ.

ನೀರಿಗೂ ಈ ವರದಿಗೂ ಸಂಬಂಧವಿಲ್ಲ. ಕ್ರೋಮಿಯಂ ಎಂಬ ಲೋಹವನ್ನು ಅಳೆಯುವ ಪರೀಕ್ಷೆಯೇ ಬೇರೆ, ಅದನ್ನು ಹೆಚ್ಚಾಗಿ ಚರ್ಮ ಹದಮಾಡುವ ಅಥವಾ ಲೋಹಲೇಪನದ ಕಾರ್ಖಾನೆಗಳಲ್ಲಿ ದುಡಿಯುವವರಿಗೆ ಬರೆಯುತ್ತಾರೆ. ಎಂಡೋಸಲ್ಫಾನ್ ಕೀಟನಾಶಕದ ದುರಂತ ಕಂಡ ನಮ್ಮ ಊರುಗಳಲ್ಲಿ ಯಾವ ಕಾಯಿಲೆ ಬಂದರೂ ಮೊದಲು ಮಣ್ಣು ನೀರುಗಳ ಮೇಲೆ ಸಂಶಯ ಹುಟ್ಟುವುದು ಸಹಜವೇ. ಆದರೆ ಎಎನ್‌ಎ ಜೊತೆಗೆ ಬರುವುದು ಕ್ರೋಮ್ಯಾಟಿನ್ ಆಂಟಿಬಾಡಿ. ವರದಿಯನ್ನು ಇನ್ನೊಮ್ಮೆ ನೋಡಿ, ಕೆಲವು ಲ್ಯಾಬುಗಳು ಇದನ್ನೇ ನ್ಯೂಕ್ಲಿಯೋಸೋಮ್ ಎಂದು ಮುದ್ರಿಸುತ್ತವೆ.

ನಮ್ಮ ಜೀವಕೋಶದ ಕೇಂದ್ರದಲ್ಲಿ ಡಿಎನ್‌ಎ ಎಳೆಯು ಹಿಸ್ಟೋನ್ ಎಂಬ ಪ್ರೋಟೀನುಗಳಿಗೆ ಸುತ್ತಿಕೊಂಡಿರುತ್ತದೆ. ಈ ಜೋಡಣೆಯೇ ಕ್ರೋಮ್ಯಾಟಿನ್. ರೋಗಾಣುಗಳ ವಿರುದ್ಧ ಹುಟ್ಟಬೇಕಾದ ಆಂಟಿಬಾಡಿಗಳು ಈ ಸ್ವಂತ ವಸ್ತುವಿನ ವಿರುದ್ಧವೇ ಹುಟ್ಟಿದರೆ ಪರೀಕ್ಷೆ ಪಾಸಿಟಿವ್ ಆಗುತ್ತದೆ. ಸ್ಲೈಡಿನ ಮೇಲಿರುವ ಕೋಶಗಳಿಗೆ ಇಂತಹ ರಕ್ತವನ್ನು ತಾಗಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೋಶಕೇಂದ್ರ ಪೂರ್ತಿಯಾಗಿ ಒಂದೇ ಸಮನೆ ಹಸಿರಾಗಿ ಹೊಳೆಯುತ್ತದೆ, ವಿಭಜನೆಯಲ್ಲಿರುವ ಕೋಶಗಳ ವರ್ಣತಂತುಗಳಂತೂ ಇನ್ನಷ್ಟು ಪ್ರಖರವಾಗಿ ಕಾಣುತ್ತವೆ. ಬಳಿಕ ಪರೀಕ್ಷಾ ಪಟ್ಟಿಯ (ಸ್ಟ್ರಿಪ್) ಮೇಲೆ ಪರೀಕ್ಷಿಸುವಾಗ ಡಿಎಸ್‌ಡಿಎನ್‌ಎ (ಎರಡೆಳೆಯ ಡಿಎನ್‌ಎ), ನ್ಯೂಕ್ಲಿಯೋಸೋಮ್, ಹಿಸ್ಟೋನ್ ಎಂಬ ಮೂರು ಗೆರೆಗಳಲ್ಲಿ ಯಾವುದು ಮೂಡಿದೆ, ಯಾವುದು ಮೂಡಿಲ್ಲ ಎಂಬುದೇ ಮುಖ್ಯ. ತಂಗಿಯ ವರದಿಯಲ್ಲಿಯೂ ಈ ಮೂರನ್ನು ಒಟ್ಟಿಗೆ ಓದಬೇಕು.

ಲೂಪಸ್ ಇರುವವರಲ್ಲಿ ಬಹಳ ಮಂದಿಗೆ ಈ ಆಂಟಿಬಾಡಿ ಇರುತ್ತದೆ, ಮೂತ್ರಪಿಂಡಕ್ಕೆ ಕಾಯಿಲೆ ತಟ್ಟಿದವರಲ್ಲಿ ಇನ್ನೂ ಹೆಚ್ಚು. ಆದರೂ ಅದೊಂದರಿಂದಲೇ ರೋಗ ನಿರ್ಣಯವಾಗುವುದಿಲ್ಲ. 2019ರ ಅಂತರರಾಷ್ಟ್ರೀಯ ಮಾನದಂಡದಲ್ಲಿ ಎಎನ್‌ಎ 1:80 (ರಕ್ತದ ಮಾದರಿಯನ್ನು 80 ಪಟ್ಟು ತೆಳುಗೊಳಿಸಿದರೂ ಪಾಸಿಟಿವ್) ಅಥವಾ ಅದಕ್ಕಿಂತ ಹೆಚ್ಚಿರುವುದು ಪ್ರವೇಶದ್ವಾರ ಮಾತ್ರ, ಅದರ ನಂತರ ಲಕ್ಷಣಗಳಿಗೆ ಮತ್ತು ಪರೀಕ್ಷೆಗಳಿಗೆ ಅಂಕ ಕೊಟ್ಟು ಒಟ್ಟು 10 ಆಗಬೇಕು. ಅಲ್ಲಿ ಡಿಎಸ್‌ಡಿಎನ್‌ಎ ಅಥವಾ ಎಸ್‌ಎಂ (ಕೋಶಕೇಂದ್ರದ ಇನ್ನೊಂದು ಪ್ರೋಟೀನ್) ಆಂಟಿಬಾಡಿಗೆ 6 ಅಂಕವಿದೆ, ಕ್ರೋಮ್ಯಾಟಿನ್‌ಗೆ ಅಂಕವೇ ಇಲ್ಲ. ಕೆಲವು ಬಗೆಯ ಯಕೃತ್ತಿನ ಉರಿಯೂತದಲ್ಲಿಯೂ ಇದು ಕಾಣಿಸಿಕೊಳ್ಳುವುದುಂಟು.

ನಿಮ್ಮ ಪ್ರಶ್ನೆಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಕ್ಷಯದ ಮಾತ್ರೆ. ಆರು ತಿಂಗಳೂ ನುಂಗಬೇಕಾದ ಐಸೋನಿಯಜಿಡ್ ಎಂಬ ಔಷಧಿಯು, ರಕ್ತದೊತ್ತಡದ ಹೈಡ್ರಾಲಜಿನ್ ಮತ್ತು ಮೊಡವೆಗೆ ಕೊಡುವ ಮಿನೋಸೈಕ್ಲಿನ್‌ಗಳಂತೆ, ಕೆಲವರಲ್ಲಿ ಇದೇ ಆಂಟಿಬಾಡಿಗಳನ್ನು ಹುಟ್ಟಿಸುತ್ತದೆ. ಹಾಗೆ ಆಂಟಿಬಾಡಿ ಹುಟ್ಟಿದವರಲ್ಲಿ ಹೆಚ್ಚಿನವರಿಗೆ ಯಾವ ತೊಂದರೆಯೂ ಆಗುವುದಿಲ್ಲ. ಕೆಲವೇ ಜನರಿಗೆ ಗಂಟುನೋವು, ಜ್ವರ, ಎದೆನೋವು ಬಂದು ಔಷಧಜನ್ಯ ಲೂಪಸ್ ಎನಿಸಿಕೊಳ್ಳುತ್ತದೆ. ಆಗ ಸಾಮಾನ್ಯವಾಗಿ ಹಿಸ್ಟೋನ್ ಗೆರೆ ಮೂಡಿ ಡಿಎಸ್‌ಡಿಎನ್‌ಎ ಗೆರೆ ಖಾಲಿ ಇರುತ್ತದೆ, ಮೂತ್ರಪಿಂಡಕ್ಕೆ ಹೆಚ್ಚಾಗಿ ತೊಂದರೆಯಾಗುವುದಿಲ್ಲ, ಔಷಧಿ ನಿಂತ ಮೇಲೆ ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ನೋವು ಇಳಿಯುತ್ತದೆ. ನೋವು ಮೊದಲ ಎರಡು ತಿಂಗಳಲ್ಲೇ ಶುರುವಾಗಿದ್ದರೆ ಆ ಅವಧಿಯಲ್ಲಿ ಕೊಡುವ ಪೈರಜಿನಮೈಡ್ ಎಂಬ ಕ್ಷಯದ ಮಾತ್ರೆಯಿಂದ ಏರುವ ಯೂರಿಕ್ ಆಮ್ಲವೂ ಕಾರಣವಿರಬಹುದು. ಆದ್ದರಿಂದ ನೋವು ಯಾವ ತಿಂಗಳಲ್ಲಿ ಆರಂಭವಾಯಿತೆಂದು ನೆನಪಿಸಿಕೊಂಡು ಹೇಳಿ. ಇದನ್ನು ಓದಿ ಮಾತ್ರೆಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ. ಅರ್ಧಕ್ಕೆ ಬಿಟ್ಟ ಕ್ಷಯವು ಔಷಧಿಗೆ ಬಗ್ಗದ ಕ್ಷಯವಾಗಿ ಮರಳಬಹುದು.

ಕೇರಳದಲ್ಲಿರುವ ನಮ್ಮ ಗಡಿನಾಡಿನ ಒಂದು ತೊಡಕು ಇಲ್ಲಿ ನಿಜಕ್ಕೂ ಕಾಡುತ್ತದೆ. ಕ್ಷಯದ ಚಿಕಿತ್ಸೆ ಊರಿನ ಕುಟುಂಬ ಆರೋಗ್ಯ ಕೇಂದ್ರದಲ್ಲಿ, ಚೀಟಿ ಮಲಯಾಳದಲ್ಲಿ. ಗಂಟುನೋವಿಗೆ ಗಡಿಯ ತಲಪಾಡಿ ದಾಟಿ ಮಂಗಳೂರು, ಅಲ್ಲಿ ಹೊಸ ಫೈಲು. ಕ್ಷಯವೆಂದು ಹೇಳಲು ಸಂಕೋಚಪಟ್ಟು ಆ ಚೀಟಿಯನ್ನು ಮನೆಯಲ್ಲೇ ಬಿಟ್ಟು ಹೋಗುವವರೂ ಇದ್ದಾರೆ. ಲೂಪಸ್ ಎಂದು ಭಾವಿಸಿ ಸ್ಟೀರಾಯ್ಡ್ ಆರಂಭಿಸುವ ವೈದ್ಯರಿಗೆ ಕ್ಷಯದ ವಿಷಯ ಗೊತ್ತಿಲ್ಲದಿದ್ದರೆ ಅಪಾಯ ದೊಡ್ಡದು, ಏಕೆಂದರೆ ಸ್ಟೀರಾಯ್ಡ್ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆ. ಚಿಕಿತ್ಸೆಯ ಚೀಟಿ, ಮಾತ್ರೆಯ ಖಾಲಿ ಪಟ್ಟಿ, ನಿಕ್ಷಯ್ ಸಂಖ್ಯೆ (ಸರ್ಕಾರಿ ಕ್ಷಯ ನೋಂದಣಿಯ ಸಂಖ್ಯೆ), ಮೂರನ್ನೂ ರುಮಟಾಲಜಿಸ್ಟ್ (ಗಂಟುರೋಗಗಳ ತಜ್ಞ) ಮುಂದೆ ಇಡಿ. ಔಷಧಿ ಬದಲಿಸಬೇಕಾದರೆ ಅವರೂ ಆರೋಗ್ಯ ಕೇಂದ್ರದ ವೈದ್ಯರೂ ಮಾತಾಡಿಕೊಂಡು ಬದಲಿಸಲಿ.

ಅಪಾಯಿಂಟ್‌ಮೆಂಟ್ ಸಿಗುವುದು ತಡವಾದರೆ ಅಷ್ಟರಲ್ಲಿ ಊರಿನ ವೈದ್ಯರಲ್ಲಿ ಬರೆಸಿಕೊಂಡು ಮೂತ್ರದ ಸಾಮಾನ್ಯ ಪರೀಕ್ಷೆ, ಮೂತ್ರದ ಪ್ರೋಟೀನ್–ಕ್ರಿಯಾಟಿನಿನ್ ಅನುಪಾತ, ಸಿಬಿಸಿ (ರಕ್ತಕಣಗಳ ಎಣಿಕೆ), ರಕ್ತದ ಕ್ರಿಯಾಟಿನಿನ್, ಯೂರಿಕ್ ಆಮ್ಲ, ಸಿ3 ಮತ್ತು ಸಿ4 (ರೋಗನಿರೋಧಕ ವ್ಯವಸ್ಥೆಯ ಪ್ರೋಟೀನುಗಳು) ಮಾಡಿಸಿಡಬಹುದು. ಮೂತ್ರದಲ್ಲಿ ಪ್ರೋಟೀನ್ ಅಥವಾ ರಕ್ತ ಕಂಡರೆ, ಮುಖ ಇಲ್ಲವೇ ಕಾಲು ಊದಿಕೊಂಡರೆ, ಉಸಿರಾಡುವಾಗ ಎದೆ ನೋವಾದರೆ ಆ ದಿನಾಂಕದವರೆಗೆ ಕಾಯಬಾರದು. ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.