2 ಲಕ್ಷ ಕಿ.ಮೀ. ದಾಟಿದ ಡೀಸೆಲ್ ಸ್ವಿಫ್ಟ್: ಟೈಮಿಂಗ್ ಚೈನ್ ಸವೆದಿದೆ ಅಂತ ಗೊತ್ತಾಗೋದು ಹೇಗೆ?

ನಿಮ್ಮ ಪ್ರಶ್ನೆ ಇಷ್ಟು: ಸೆಕೆಂಡ್ ಹ್ಯಾಂಡ್ ಸ್ವಿಫ್ಟ್ ಡೀಸೆಲ್, 2 ಲಕ್ಷ ಕಿ.ಮೀ. ದಾಟಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಗಲಗಲ ಶಬ್ದ ಬಂದು ನಿಲ್ಲುತ್ತದೆ. ಪಿಕಪ್, ಮೈಲೇಜ್ ಎರಡೂ ಚೆನ್ನಾಗಿವೆ. ಒಂದು ಗ್ಯಾರೇಜಿನವರು ಟೈಮಿಂಗ್ ಚೈನ್ (ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ದಂಡದಿಂದ, ವಾಲ್ವ್ ತೆರೆಸುವ ಕ್ಯಾಮ್ ದಂಡವನ್ನು ತಿರುಗಿಸುವ ಸರಪಳಿ) ಕೂಡಲೇ ಬದಲಿಸಿ ಅಂದರು, ಇನ್ನೊಬ್ಬರು ಚೈನ್ ಇಂಜಿನ್ ಇರೋವರೆಗೂ ಬರುತ್ತೆ ಅಂದರು. ನಾನು ಡೀಸೆಲ್ ಗಾಡಿಗಳ ಕೆಲಸ ಮಾಡುವವನು. ನನ್ನ ಪ್ರಕಾರ ಇಬ್ಬರೂ ಅಳೆಯದೆ ಹೇಳಿದ್ದಾರೆ.

ಮೊದಲು ಪಿಕಪ್ ವಿಷಯ. ಅದನ್ನು ನಂಬಿ ಕೂರಬೇಡಿ. ನಿಮ್ಮದು ಫಿಯೆಟ್‌ನ 1.3 ಮಲ್ಟಿಜೆಟ್, 1248 ಸಿಸಿ. ಇಂಡಿಕಾ ವಿಸ್ಟಾ ಕ್ವಾಡ್ರಾಜೆಟ್, ಪುಂಟೊಗಳಲ್ಲಿ ಬಂದದ್ದೂ ಇದೇ. ಕಾಮನ್ ರೈಲ್ (ಎಲ್ಲ ಇಂಜೆಕ್ಟರ್‌ಗಳಿಗೂ ಒಂದೇ ಕೊಳವೆಯಿಂದ ಒತ್ತಡದಲ್ಲಿ ಡೀಸೆಲ್ ಕೊಡುವ ವ್ಯವಸ್ಥೆ) ಆದ್ದರಿಂದ ಡೀಸೆಲ್ ಯಾವಾಗ ಚಿಮ್ಮಬೇಕು ಅನ್ನೋದನ್ನು ಕಂಪ್ಯೂಟರ್ ಕ್ರ್ಯಾಂಕ್ ಸೆನ್ಸರ್ ನೋಡಿ ತೀರ್ಮಾನಿಸುತ್ತದೆ. ಚೈನ್ ಸವೆದರೆ ವಾಲ್ವ್‌ಗಳು ಸ್ವಲ್ಪ ತಡವಾಗಿ ತೆರೆಯುತ್ತವೆ, ಅಷ್ಟೇ. ಓಡಿಸುವವರಿಗೆ ಅದು ತಿಳಿಯೋದೇ ಇಲ್ಲ. ಹಳೆಯ ಮರ್ಸಿಡಿಸ್ ಒಎಂ 616, 617 ಇಂಜಿನ್‌ಗಳ ಕಥೆ ಬೇರೆ. ಅವುಗಳಲ್ಲಿ ಡೀಸೆಲ್ ಪಂಪನ್ನು ತಿರುಗಿಸೋದೂ ಅದೇ ಚೈನ್. ಚೈನ್ ಸವೆದಂತೆ ಇಂಜೆಕ್ಷನ್ನೂ ತಡವಾಗಿ ಗಾಡಿ ಮಂದವಾಗುತ್ತಿತ್ತು, ಡ್ರೈವರ್‌ಗೆ ಗೊತ್ತಾಗುತ್ತಿತ್ತು. ನಮ್ಮ ಕಡೆ ಓಡಾಡಿದ ಹಳೆಯ ಟೆಂಪೊ ಟ್ರ್ಯಾಕ್ಸ್‌ಗಳ ಇಂಜಿನ್ 616ರ ವಂಶದ್ದೇ.

ಚೈನ್ ಹಿಗ್ಗಿದೆ ಅಂತಾರಲ್ಲ, ನಿಜವಾಗಿ ಕಬ್ಬಿಣ ಹಿಗ್ಗಿರುವುದಿಲ್ಲ. ಸೈಕಲ್ ಚೈನಿನ ಹಾಗೆಯೇ, ಪ್ರತಿ ಕೊಂಡಿಯ ಪಿನ್ನು, ಬುಷ್ಷು ಕೂದಲೆಳೆಯಷ್ಟು ಸವೆದು, ಎಲ್ಲ ಸೇರಿ ಉದ್ದ ಕಾಣುತ್ತದೆ. ಸವೆಸುವುದು ಮುಖ್ಯವಾಗಿ ಆಯಿಲ್‌ನಲ್ಲಿರುವ ಮಸಿ. ಡೀಸೆಲ್ ಮಸಿ ಪಿನ್ನಿನ ಸಂದಿಗೆ ಹೋಗಿ ಉಜ್ಜುತ್ತದೆ. ಈ ಇಂಜಿನ್‌ಗೆ ಹಿಡಿಯೋದೇ ಸುಮಾರು 3 ಲೀಟರ್ ಆಯಿಲ್. ಅದರಲ್ಲಿ ಒಂದು ಲೀಟರ್ ಕಡಿಮೆಯಾದರೂ, ಆಯಿಲ್ ಬದಲಿಸೋದು ತಡವಾದರೂ ಚೈನಿಗೆ ಪೆಟ್ಟು. ಹಾಗಾಗಿ ಮೀಟರಿನಲ್ಲಿ ಎಷ್ಟು ಕಿ.ಮೀ. ಇದೆ ಅನ್ನೋದಕ್ಕಿಂತ ಹಿಂದಿನ ಮಾಲೀಕರು ಎಷ್ಟು ಕಿ.ಮೀ.ಗೊಮ್ಮೆ ಆಯಿಲ್ ಹಾಕಿಸಿದ್ದರು ಅನ್ನೋದು ನನಗೆ ಜಾಸ್ತಿ ಮುಖ್ಯ. ಹೈವೇಯಲ್ಲಿ ಓಡಿ, ಸರಿಯಾಗಿ ಆಯಿಲ್ ಕಂಡ 3 ಲಕ್ಷದ ಗಾಡಿಯ ಚೈನ್, ಊರೊಳಗೇ ಓಡಿದ 1 ಲಕ್ಷದ ಗಾಡಿಯದಕ್ಕಿಂತ ಚೆನ್ನಾಗಿರಬಹುದು. ಸರ್ವಿಸ್ ಬಿಲ್ಲುಗಳಿದ್ದರೆ ತೆಗೆದು ನೋಡಿ.

ಇನ್ನು ಶಬ್ದ. ಟೆನ್ಷನರ್ ಚೈನನ್ನು ಬಿಗಿಯಾಗಿ ಇಡೋದು ಆಯಿಲ್ ಪ್ರೆಷರ್‌ನಿಂದ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಆಯಿಲ್ ಕೆಳಗಿಳಿದಿರುತ್ತದೆ. ಸೆಲ್ಫ್ ಹೊಡೆದ ತಕ್ಷಣ ಒಂದೆರಡು ಸೆಕೆಂಡ್ ಗಲಗಲ ಅಂದು ನಿಂತರೆ ಅದೊಂದರಿಂದಲೇ ಚೈನ್ ಹೋಗಿದೆ ಅನ್ನಲಾಗದು. ಕಳಪೆ ಫಿಲ್ಟರ್, ಕಡಿಮೆ ಆಯಿಲ್, ಸೋತ ಟೆನ್ಷನರ್, ಯಾವುದೂ ಇರಬಹುದು. ಆದರೆ ವಾರದಿಂದ ವಾರಕ್ಕೆ ಆ ಶಬ್ದ ಉದ್ದವಾಗುತ್ತಿದ್ದರೆ, ಇಂಜಿನ್ ಬಿಸಿಯಾದ ಮೇಲೂ ಐಡ್ಲಿಂಗ್‌ನಲ್ಲಿ ಕೇಳಿಸಿದರೆ, ಆಕ್ಸಿಲರೇಟರ್ ಬಿಟ್ಟ ಕ್ಷಣ ಸರಪಳಿ ಅಲ್ಲಾಡಿದಂತೆ ಬಂದರೆ ತಡ ಮಾಡಬೇಡಿ.

ಶಬ್ದ ಎಲ್ಲಿಂದ ಅಂತ ಖಚಿತ ಮಾಡಿಕೊಳ್ಳೋದೂ ಮುಖ್ಯ. ಉದ್ದನೆಯ ಸ್ಕ್ರೂಡ್ರೈವರ್ ತುದಿಯನ್ನು ಚೈನ್ ಮುಚ್ಚಿರುವ ಟೈಮಿಂಗ್ ಕವರ್ ಮೇಲೆ ಇಟ್ಟು, ಹಿಡಿಯನ್ನು ಕಿವಿಗೆ ಒತ್ತಿ ಕೇಳಿ. ತಿರುಗುವ ಬೆಲ್ಟಿನಿಂದ ಕೈ, ಬಟ್ಟೆ ದೂರ ಇರಲಿ. ಆಮೇಲೆ ಇಂಜಿನ್ ನಿಲ್ಲಿಸಿ, ಹೊರಗಿನ ಆಲ್ಟರ್ನೇಟರ್ ಬೆಲ್ಟ್ ತೆಗೆದು ಅರ್ಧ ನಿಮಿಷಕ್ಕಿಂತ ಕಡಿಮೆ ಓಡಿಸಿ. ಶಬ್ದ ಮಾಯವಾದರೆ ತಪ್ಪು ಪುಲ್ಲಿ ಅಥವಾ ಬೇರಿಂಗಿನದು. ವಾಟರ್ ಪಂಪ್ ಕೂಡ ಅದೇ ಬೆಲ್ಟಿನಲ್ಲಿದೆ, ಅದಕ್ಕೇ ಜಾಸ್ತಿ ಹೊತ್ತು ಬೇಡ. ಕ್ಲಚ್ ಒತ್ತಿದಾಗ ಶಬ್ದ ಬದಲಾದರೆ ಗೇರ್‌ಬಾಕ್ಸ್ ಕಡೆ ನೋಡಿ.

ಇಷ್ಟೆಲ್ಲ ಮಾಡಿದರೂ ಕೈಗೆ ಸಿಗೋದು ಅನುಮಾನ ಮಾತ್ರ. ಅಳತೆ ಬೇಕು. ಹಳೆಯ ಮರ್ಸಿಡಿಸ್‌ನಲ್ಲಿ ಇದು ಸುಲಭ. ಮೇಲಿನ ಕವರ್ ತೆಗೆದು, ಕ್ಯಾಮ್‌ನ ಗುರುತನ್ನು ಬೇರಿಂಗ್ ಗುರುತಿಗೆ ಸೇರಿಸಿ, ಕೆಳಗೆ ಕ್ರ್ಯಾಂಕ್ ಪುಲ್ಲಿಯಲ್ಲಿ ಎಷ್ಟು ಡಿಗ್ರಿ ಅಂತ ಓದಿದರೆ ಆಯಿತು. ಕೆಲವೇ ಡಿಗ್ರಿ ವ್ಯತ್ಯಾಸಕ್ಕೆ ಕ್ಯಾಮ್ ಗೇರಿನ ಕೀಲಿಯನ್ನೇ ಓರೆಯಾಗಿ ಮಾಡಿ ಕೊಡುತ್ತಿದ್ದರು. ಎಷ್ಟು ಒಳ್ಳೆಯ ಯೋಚನೆ ನೋಡಿ!

ಮಲ್ಟಿಜೆಟ್‌ನಲ್ಲಿ ಹಾಗೆ ಓದಲಾಗದು. ಇಲ್ಲಿ ಕ್ರ್ಯಾಂಕ್, ಕ್ಯಾಮ್‌ಗಳು ಅಲುಗದಂತೆ ಹಿಡಿಯುವ ಲಾಕಿಂಗ್ ಪಿನ್ ಇವೆ. ಕ್ರ್ಯಾಂಕನ್ನು ಅದರ ಜಾಗದಲ್ಲಿ ಲಾಕ್ ಮಾಡಿದಾಗ ಕ್ಯಾಮ್ ಪಿನ್‌ಗಳೂ ಸಲೀಸಾಗಿ ಒಳಗೆ ಕೂರಬೇಕು. ಕೂತರೆ ಟೈಮಿಂಗ್ ಸರಿಯಾಗಿದೆ. ಕೂರದಿದ್ದರೆ ಬಲವಂತ ಮಾಡದೆ ನಿಲ್ಲಿಸಬೇಕು. ಒಂದು ಎಚ್ಚರಿಕೆ: ಇಂಜಿನ್ನನ್ನು ಅದು ಓಡುವ ದಿಕ್ಕಿನಲ್ಲೇ ಕೈಯಿಂದ ಎರಡು ಸುತ್ತು ತಿರುಗಿಸಿ ಪಿನ್ ಜಾಗಕ್ಕೆ ಬರಬೇಕು. ಗುರುತು ದಾಟಿತು ಅಂತ ಹಿಂದಕ್ಕೆ ಎಳೆದರೆ ಚೈನಿನ ಸಡಿಲ ಇನ್ನೊಂದು ಬದಿಗೆ ಹೋಗಿ ಲೆಕ್ಕ ತಪ್ಪುತ್ತದೆ. ಹಿಂದೆ ಯಾರೋ ಅಂದಾಜಿನಲ್ಲಿ ಚೈನ್ ಹಾಕಿದ್ದರೆ, ಚೈನ್ ಹೊಸದಿದ್ದರೂ ಪಿನ್ ಕೂರಲ್ಲ. ಅದನ್ನೂ ಕೇಳಿ ತಿಳಿದುಕೊಳ್ಳಿ.

ಸ್ಕೋಪ್ (ಸೆನ್ಸರ್ ಸಿಗ್ನಲನ್ನು ಗೆರೆಯಾಗಿ ತೋರಿಸುವ ಯಂತ್ರ) ಇರುವ ಆಟೋ ಎಲೆಕ್ಟ್ರಿಷಿಯನ್ ಸಿಕ್ಕರೆ ಏನೂ ಬಿಚ್ಚದೆಯೇ ನೋಡಬಹುದು. ಕ್ರ್ಯಾಂಕ್ ಮತ್ತು ಕ್ಯಾಮ್ ಸೆನ್ಸರ್ ಎರಡರ ಸಿಗ್ನಲನ್ನು ಒಟ್ಟಿಗೆ ಹಿಡಿದು, ಒಳ್ಳೆಯ ಗಾಡಿಯದಕ್ಕೆ ಹೋಲಿಸಬೇಕು. 60 ಹಲ್ಲಿನಲ್ಲಿ 2 ಬಿಟ್ಟಿರುವ ಸೆನ್ಸರ್ ಚಕ್ರದಲ್ಲಿ ಒಂದು ಹಲ್ಲು ಅಂದರೆ 6 ಡಿಗ್ರಿ, ಹಾಗಾಗಿ ಕ್ಯಾಮ್ ಎಷ್ಟು ಹಿಂದೆ ಬಿದ್ದಿದೆ ಅಂತ ಎಣಿಸಬಹುದು. ಬರೀ ಸ್ಕ್ಯಾನರ್ ಸಾಲದು. ಕ್ರ್ಯಾಂಕ್, ಕ್ಯಾಮ್ ಹೊಂದುತ್ತಿಲ್ಲ ಅಂತ ಹೇಳುವ ಪಿ0016 ಕೋಡ್ ಬರೋ ಹೊತ್ತಿಗೆ ವಿಷಯ ಮುಂದೆ ಹೋಗಿರುತ್ತದೆ. ಕೋಡ್ ಇಲ್ಲ ಅಂದಮಾತ್ರಕ್ಕೆ ಚೈನ್ ಸರಿ ಅಂತಲೂ ಅಲ್ಲ.

ನಾನು ಇಷ್ಟು ಒತ್ತಿ ಹೇಳೋದಕ್ಕೆ ಕಾರಣವಿದೆ. ಡೀಸೆಲ್‌ನಲ್ಲಿ ಪಿಸ್ಟನ್ ಮೇಲೆ ಬಂದಾಗ ವಾಲ್ವ್‌ಗೂ ಅದಕ್ಕೂ ನಡುವೆ ಉಳಿಯೋ ಜಾಗ ತೀರಾ ಕಡಿಮೆ. ಕ್ರ್ಯಾಂಕ್ ಗೇರಿಗೆ 20 ಹಲ್ಲಿದ್ದರೆ, ಸವೆದು ಸಡಿಲವಾದ ಚೈನ್ ಒಂದು ಹಲ್ಲು ಜಾರಿದರೂ 18 ಡಿಗ್ರಿ ಹೋಯಿತು. ಮಲ್ಟಿಜೆಟ್‌ನಲ್ಲಿ ಆಗ ಹೆಚ್ಚಾಗಿ ವಾಲ್ವ್ ಒತ್ತುವ ರಾಕರ್‌ಗಳು ಮುರಿಯುತ್ತವೆ, ಕೆಲವೊಮ್ಮೆ ವಾಲ್ವೂ ಬಾಗುತ್ತದೆ.

ನಿಮ್ಮ ಗಾಡಿಗೆ ನಾನು ಮಾಡೋದು ಹೀಗೆ. ಮೊದಲು ಆಯಿಲ್, ಒಳ್ಳೆಯ ಫಿಲ್ಟರ್ ಬದಲಿಸಿ, ಇಳಿದ ಆಯಿಲನ್ನು ಬಟ್ಟೆಯಲ್ಲಿ ಸೋಸಿ ನೋಡುತ್ತೇನೆ. ಪ್ಲಾಸ್ಟಿಕ್ ಚೂರು ಸಿಕ್ಕರೆ ಚೈನ್ ಗೈಡ್ (ಚೈನ್ ಉಜ್ಜಿಕೊಂಡು ಓಡುವ ಪಟ್ಟಿ) ಒಡೆದಿದೆ, ಮುಂದೆ ಯೋಚಿಸೋದೇನಿಲ್ಲ, ಕೆಲಸ ಮಾಡಿಸಿ. ಏನೂ ಸಿಗದೆ ಶಬ್ದವೂ ನಿಂತರೆ, ಮುಂದಿನ ಸರ್ವಿಸ್‌ನಲ್ಲಿ ಪಿನ್ ಹಾಕಿ ನೋಡಿದರೆ ಸಾಕು. ಶಬ್ದ ಮುಂದುವರಿದರೆ ಈಗಲೇ ಪಿನ್ ಟೆಸ್ಟ್.

ಬದಲಿಸೋದಾದರೆ ಚೈನ್ ಒಂದನ್ನೇ ಹಾಕಿಸಬೇಡಿ. ಗೇರ್‌ಗಳು, ಗೈಡ್, ಟೆನ್ಷನರ್, ಕ್ರ್ಯಾಂಕ್ ಸೀಲ್ ಎಲ್ಲ ಇರುವ ಕಿಟ್ ಹಾಕಿಸಿ. ಸವೆದ ಗೇರ್ ಮೇಲೆ ಹೊಸ ಚೈನ್ ಬೇಗ ಹಾಳಾಗುತ್ತದೆ. ಟೈಮಿಂಗ್ ಕವರ್ ತೆಗೆಯಲು ಹೇಗೂ ಆಯಿಲ್ ಚೇಂಬರ್ ಇಳಿಸಬೇಕು, ಆಗಲೇ ಸ್ಟ್ರೈನರ್ (ಆಯಿಲ್ ಜರಡಿ) ತೊಳೆಸಿ. ಮೆಕ್ಯಾನಿಕ್ ಹತ್ತಿರ ಲಾಕಿಂಗ್ ಪಿನ್ ಸೆಟ್ ಇದೆಯಾ ಅಂತ ಮೊದಲೇ ಕೇಳಿ. ಮಾರ್ಕರ್ ಗುರುತು ಹಾಕಿಕೊಂಡು ಮಾಡ್ತೀನಿ ಅಂದರೆ ಬೇರೆ ಗ್ಯಾರೇಜ್ ನೋಡಿ. ಕೆಲಸ ಮುಗಿದ ಮೇಲೆ ಸೆಲ್ಫ್ ಮುಟ್ಟುವ ಮುಂಚೆ ಕೈಯಿಂದ ಎರಡು ಸುತ್ತು ತಿರುಗಿಸಿ, ಪಿನ್‌ಗಳು ಮತ್ತೆ ಕೂರುತ್ತವಾ ಅಂತ ನಿಮ್ಮ ಎದುರೇ ತೋರಿಸಲಿ.